ನೊಣದ ಎದೆ, ಗೋಪಾಲಪ್ಪನ ಮೆಟ್ಟಿಲು

ಶೈಲಾ ಮಾತಿಗೆ ಕೂತರೆ ನಿಲ್ಲಿಸುವ ಬ್ರೇಕು ಅವಳ ಹತ್ತಿರ ಇರಲಿಲ್ಲ, ಎದುರಿಗೆ ಕೂತವರ ಹತ್ತಿರವೂ ಇರುತ್ತಿರಲಿಲ್ಲ. ಹುನಗುಂದದ ಕಡೆಯ ಹುಡುಗಿ. ಪಟ್ಟಂದೂರು ಅಗ್ರಹಾರದಲ್ಲಿ ಗೋಪಾಲಪ್ಪನವರ ಮೂರಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಒಂದೇ ಒಂದು ರೂಮು, ಅದರಲ್ಲಿ ಬಾಡಿಗೆಗಿದ್ದಳು. ಕಟ್ಟಡದ ಹಿಂದಿನ ಟೆಕ್ ಪಾರ್ಕಿನೊಳಗೆ ಒಂದು ಸಣ್ಣ ಪ್ರಯೋಗಾಲಯ, ಅಲ್ಲಿ ಕೆಲಸ. ಏನು ಕೆಲಸ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು. ಮಾಗಿದ ಬಾಳೆಹಣ್ಣಿನ ಮೇಲೆ ಏಳುತ್ತವಲ್ಲ ಎಳ್ಳುಕಾಳಿನಷ್ಟು ನೊಣಗಳು, ಅವಕ್ಕೂ ಹೃದಯವಿದೆ, ಅದು ಬೆನ್ನಿನ ಒಳಗೆ ಒಂದು ಸಣ್ಣ ಕೊಳವೆಯ ಹಾಗಿದೆ, ನಮ್ಮದರ ಹಾಗೇ ಬಡಿದುಕೊಳ್ಳುತ್ತದೆ, ನಾವು ಅದನ್ನು ನೋಡುತ್ತೇವೆ ಎಂದು ಶುರುಮಾಡಿದರೆ ಕೇಳಿದವನ ಬಸ್ಸು ಹೋಗಿರುತ್ತಿತ್ತು.

ಆ ಸಂಜೆ ಕೇಳಿದ್ದು ಲಕ್ಷ್ಮಮ್ಮ. ಗೋಪಾಲಪ್ಪನವರ ಹೆಂಡತಿ. ಸಂಕ್ರಾಂತಿ ಹತ್ತಿರವಿತ್ತು. ಬೀದಿಯ ತುಂಬ ಅವರೆಕಾಯಿಯ ಸೊಗಡು. ಕೆಳಮನೆಯ ಜಗುಲಿಯ ಮೇಲೆ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಲಕ್ಷ್ಮಮ್ಮ ಒಂದೊಂದೇ ಕಾಳನ್ನು ಹಿದುಕುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಕೆಲಸ ಮುಗಿಸಿ ಬಂದ ಶೈಲಾ ಬ್ಯಾಗು ಪಕ್ಕಕ್ಕಿಟ್ಟು ತಾನೂ ಹಿದುಕಲು ಕೂತಳು. ಗೋಪಾಲಪ್ಪ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀದಿ ನೋಡುತ್ತ ಕೂತಿದ್ದರು. ಸಾಮಾನ್ಯವಾಗಿ ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕೂಗುವ ಮನುಷ್ಯ. ಅವತ್ತು ಸುಮ್ಮನಿದ್ದರು.

"ನಿಮ್ಮ ನೊಣಗಳಿಗೆ ತಿನ್ನಾಕೆ ಏನಾಕ್ತೀರವ್ವ?" ಎಂದರು ಲಕ್ಷ್ಮಮ್ಮ, ಸುಮ್ಮನೆ ಮಾತಿಗೆ.

"ರವಾ, ಬೆಲ್ಲ, ಒಂಚೂರು ಈಸ್ಟ್ ಹಾಕಿ ಕುದಸ್ತೇವ್ರಿ ಅಮ್ಮಾರ."

"ಅಯ್ಯೋ! ನೊಣಕ್ಕೆ ದಿನಾ ಕೇಸರಿಬಾತು. ನಮ್ಮನೆಯೋರಿಗೆ ಸಕ್ಕರೆ ಬಿಡಿ ಅಂದವ್ರೆ ಡಾಕ್ಟ್ರು."

ಅಷ್ಟು ಸಾಕಾಯಿತು. ಶೈಲಾ ಕಾಳೊಂದನ್ನು ಎತ್ತಿ ಹಿಡಿದಳು.

"ಇದು ನೊಣದ ಎದಿ ಅಂತ ತಿಳ್ಕೋರಿ. ಬಡಕೊಳ್ಳೋದು ಅಂದ್ರ ಏನ್ರಿ, ಹಿಂಗ ಹಿಚುಕೋದು, ಬಿಡೋದು, ಹಿಚುಕೋದು, ಬಿಡೋದು. ನಾವು ಏನು ಮಾಡೇವಿ ಅಂದ್ರ, ಬೆಳಕು ಬಿದ್ದಾಗ ಎದಿ ಬಡಕೊಳ್ಳೋ ಹಂಗ ಆ ನೊಣಾನ ತಯಾರು ಮಾಡೇವ್ರಿ. ಕೆಂಪು ಬೆಳಕು ಮಿಣಕ್ ಅಂದ್ರ ಒಂದು ಬಡಿತ. ಮಿಣಕ್ ಮಿಣಕ್ ಮಿಣಕ್ ಅಂದ್ರ ಪಟಪಟ ಬಡಿತ. ಬೇಕಾದಂಗ ಜೋರು ಮಾಡಬಹುದು, ನಿಧಾನ ಮಾಡಬಹುದು. ಹಂಗ ಮಾಡಿ ನೋಡೋದು ಏನಪಾ ಅಂದ್ರ, ಜೋರಾಗಿ ಬಡಕೊಂಡಾಗ ಒಂದೊಂದು ಹಿಚುಕು ಗಟ್ಟಿ ಆಗ್ತೈತೋ, ಸಡಿಲ ಆಗ್ತೈತೋ?"

"ಏನಾಯ್ತದೆ?" ಕೇಳಿದ್ದು ಗೋಪಾಲಪ್ಪ. ಕುರ್ಚಿ ಇತ್ತ ತಿರುಗಿತ್ತು.

"ಸಡಿಲ ಆಗ್ತೈತ್ರಿ ಕಾಕಾ! ನೋಡ್ರಿ ಇಲ್ಲೆ." ಶೈಲಾ ಗಡಿಬಿಡಿಯಿಂದ ನಾಲ್ಕು ಕಾಳು ಹಿದುಕಿದಳು. ಎರಡರಲ್ಲಿ ಬೇಳೆ ಅರ್ಧ ಇಣುಕಿ ಸಿಪ್ಪೆಯಲ್ಲೇ ಸಿಕ್ಕಿಕೊಂಡಿತು. "ಅವಸರ ಮಾಡಿದ್ರ ಹಿಂಗ. ಎದಿ ಪೂರ್ತಿ ಸಡಿಲ ಆಗಿ ತುಂಬ್ಕೊಳ್ಳಾಕ ಪುರಸೊತ್ತು ಸಿಗೋದಿಲ್ಲ. ಅದ ನಿಧಾನಕ್ಕ ಬಡಕೊಂಡ್ರ," ಎಂದು ಒಂದು ಕಾಳನ್ನು ಮೆಲ್ಲಗೆ ಒತ್ತಿದಳು, ಬೇಳೆ ಟಪ್ಪೆಂದು ಪಾತ್ರೆಗೆ ಬಿತ್ತು. "ಒಂದೊಂದು ಹಿಚುಕೂ ಪೂರ್ತಿ!"

"ಅಂದ್ರೆ ನಿಧಾನಕ್ಕೆ ಬಡ್ಕೊಳ್ಳೋ ಎದೆ ಗಟ್ಟಿ ಅಂತೀಯ."

"ಹೂಂನ್ರಿ ಕಾಕಾ. ಭಾಳ ಗಟ್ಟಿ."

ಗೋಪಾಲಪ್ಪ ತೊಡೆ ತಟ್ಟಿಕೊಂಡು ಎದ್ದರು. ಸಂಜೆಯಿಂದ ಇಲ್ಲದ ನಗು ಮುಖದ ಮೇಲೆ ಬಂದಿತ್ತು. "ಕೇಳುಸ್ಕೊಂಡೇನೆ ಲಕ್ಷ್ಮೀ? ಸೈಂಟಿಸ್ಟ್ ಬಾಯಲ್ಲೇ ಬಂತು" ಎಂದು ಹೆಂಡತಿಗೆ ಹೇಳಿ ಒಳಗೆ ಹೋದರು. ಲಕ್ಷ್ಮಮ್ಮನ ಕೈ ಬೋಗುಣಿಯೊಳಗೇ ನಿಂತುಬಿಟ್ಟಿತ್ತು. ಅದನ್ನು ಶೈಲಾ ಗಮನಿಸಲಿಲ್ಲ. ಅವಳು ಆಗಲೇ ನೊಣದ ಎದೆ ಆಗಾಗ ಹಿಮ್ಮುಖವಾಗಿಯೂ ಬಡಿದುಕೊಳ್ಳುತ್ತದೆ ಎಂಬ ವಿಷಯಕ್ಕೆ ದಾಟಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಶೈಲಾ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮೆಟ್ಟಿಲ ಬಾಯಲ್ಲಿ ಏದುಸಿರು ಕೇಳಿಸಿತು. ನೋಡಿದರೆ ಲಕ್ಷ್ಮಮ್ಮ. ಮಂಡಿನೋವೆಂದು ಮೊದಲ ಮಹಡಿಯನ್ನೂ ಹತ್ತದ ಹೆಂಗಸು ಕಂಬಿ ಹಿಡಿದುಕೊಂಡು ನೆತ್ತಿಯವರೆಗೆ ಬಂದಿದ್ದರು. ಬಂದವರೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

"ನಿನ್ನ ನೊಣ ನನ್ನ ಗಂಡನ್ನ ತಿಂದಾಕ್ತದೆ ಕಣೆ" ಎಂದರು.

ಶೈಲಾಳ ಕೈಯಲ್ಲಿದ್ದ ದುಪಟ್ಟಾ ಹಾಗೇ ಉಳಿಯಿತು. "ಏನಾತ್ರಿ ಅಮ್ಮಾರ?"

ಆಗ ಎಲ್ಲ ಹೊರಬಿತ್ತು. ಗೋಪಾಲಪ್ಪನವರ ಎದೆಬಡಿತ ಕೆಲವು ತಿಂಗಳಿಂದ ತೀರಾ ನಿಧಾನವಾಗಿತ್ತು. ದೀಪಾವಳಿಯ ಹೊತ್ತಿಗೆ ಒಮ್ಮೆ ಬಚ್ಚಲಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಿದ್ದರು. ಎದೆಯೊಳಗೆ ಬಡಿತದ ಸುದ್ದಿ ಮೇಲಿಂದ ಕೆಳಕ್ಕೆ ಸರಿಯಾಗಿ ದಾಟುತ್ತಿಲ್ಲ, ಪೇಸ್‌ಮೇಕರ್ ಹಾಕಿಸಲೇಬೇಕು, ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದು ಆ ಅವರೆಕಾಳಿನ ದಿನವೇ. ಆಸ್ಪತ್ರೆಯಿಂದ ಬಂದು ಇಬ್ಬರೂ ಮಾತಿಲ್ಲದೆ ಜಗುಲಿಯಲ್ಲಿ ಕೂತಿದ್ದಾಗ ಶೈಲಾ ಬಂದು ಅವರೆಕಾಳು ಎತ್ತಿ ಹಿಡಿದಿದ್ದಳು.

"ಒಪ್ಕೊಳ್ಳೋದ್ರಲ್ಲಿದ್ರು ಕಣವ್ವ. ಒಪ್ಕೊಳ್ಳೋದ್ರಲ್ಲೇ ಇದ್ರು. ಈಗ ಅರಳಿಕಟ್ಟೆ ಮ್ಯಾಲೆ ಕೂತ್ಕೊಂಡು, ನಮ್ಮ ಮನೆ ಸೈಂಟಿಸ್ಟ್ ಏಳವ್ಳೆ, ನಿಧಾನಕ್ಕೆ ಬಡ್ಕೊಳ್ಳೋ ಎದೆನೇ ಗಟ್ಟಿ ಅಂತ, ಮಿಷಿನ್ನು ಗಿಷಿನ್ನು ಎಲ್ಲಾ ಡಾಕ್ಟ್ರುಗಳ ಆಟ ಅಂತ ಊರಿಗೆಲ್ಲ ಸಾರ್ತವ್ರೆ. ನಾನೂ ಏಳ್ದೆ, ನಿಧಾನಕ್ಕೆ ಒಂದೊಂದೇ ಇದುಕ್ತಾ ಕೂತ್ರೆ ಪಾತ್ರೆ ತುಂಬೋದ್ಯಾವಾಗ, ಸಾರು ಮಾಡೋದ್ಯಾವಾಗ ಅಂತ. ಅವರೆಕಾಳು ಬ್ಯಾರೆ ಎದೆ ಬ್ಯಾರೆ ಅಂತಾರೆ. ಮೊದ್ಲು ಅವರೆಕಾಳು ತಂದೋಳು ನೀನು!"

ಶೈಲಾಳಿಗೆ ಕಿವಿ ಬಿಸಿಯಾಯಿತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ನೊಣಗಳಲ್ಲಿ ಕಂಡದ್ದು ಹಾಗೇ. ಆದರೆ ಮನುಷ್ಯರ ಎದೆ ನೊಣದ ಎದೆಯಲ್ಲ. ಆರೋಗ್ಯವಾಗಿರುವ ನಮ್ಮ ಎದೆ ವೇಗ ಹೆಚ್ಚಿದಾಗ ಹಿಚುಕುವ ಬಲವನ್ನೂ ಹೆಚ್ಚಿಸಿಕೊಳ್ಳುತ್ತದೆ, ಅದೂ ಅವಳಿಗೆ ಗೊತ್ತಿತ್ತು. ಎಷ್ಟು ಗಟ್ಟಿಯಾಗಿ ಹಿಚುಕಿತು ಎನ್ನುವುದೊಂದೇ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ಸಲ ಹಿಚುಕಿತು ಎನ್ನುವುದೂ ಬೇಕು, ಅದೂ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ. ಹಿಮ್ಮುಖದ ಬಡಿತದ ಕತೆ ಅದಕ್ಕಿಂತ ಮಜವಾಗಿತ್ತು.

"ನಾ ಮಾತಾಡ್ತೀನ್ರಿ ಅಮ್ಮಾರ" ಎಂದಳು.

"ಮಾತಾಡಿದ್ದಕ್ಕೇ ಇಂಗಾಗಿರೋದು" ಎಂದರು ಲಕ್ಷ್ಮಮ್ಮ. ಆದರೂ ಎದ್ದು ಹೋಗುವಾಗ ಹಗ್ಗದ ಮೇಲಿನ ಅವಳ ಬಟ್ಟೆಗೆ ಕ್ಲಿಪ್ಪು ಹಾಕಿಯೇ ಹೋದರು.

ಗೋಪಾಲಪ್ಪನವರನ್ನು ಒಬ್ಬರೇ ಇದ್ದಾಗ ಹಿಡಿಯಬೇಕೆಂದರೆ ಬೆಳಗಿನ ಮೆಟ್ಟಿಲೇ ಸರಿಯಾದ ಜಾಗ. ತಾರಸಿಯ ಟ್ಯಾಂಕಿನಿಂದ ಮನೆಮನೆಗೆ ನೀರು ಬಿಡುವ ವಾಲ್ವು ತಿರುಗಿಸಲು ಅವರು ದಿನಾ ಬೆಳಿಗ್ಗೆ ಮೂರು ಮಹಡಿ ಹತ್ತುತ್ತಿದ್ದರು. ಆ ವಾಲ್ವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎರಡನೇ ಮಹಡಿಯಲ್ಲಿ ಕೊಟ್ರೇಶ್ ಮತ್ತು ಅವನ ಗೆಳೆಯರು ಬಾಡಿಗೆಗಿದ್ದರು. ಅವರ ಬಾಗಿಲ ಮುಂದೆ ಬೂಟು, ಚಪ್ಪಲಿ, ಸಾಕ್ಸುಗಳ ದೊಡ್ಡ ಗುಡ್ಡೆ. ಗೋಪಾಲಪ್ಪ ಅಲ್ಲಿ ನಿಂತು ದಿನಾ ಬೈಯುತ್ತಿದ್ದರು. ನೆತ್ತಿಯ ರೂಮಿನಲ್ಲಿದ್ದ ಶೈಲಾ ಆ ಬೈಗುಳಕ್ಕೇ ಏಳುತ್ತಿದ್ದಳು, ಅಲಾರಾಂ ಇಟ್ಟುಕೊಂಡವಳೇ ಅಲ್ಲ. ಈಚೆಗೆ ಬೈಗುಳ ಉದ್ದವಾಗಿತ್ತು. ಆಮೇಲಾಮೇಲೆ ಬೈಗುಳ ನಿಂತು, ಅಲ್ಲಿ ಬರೀ ಒಂದು ಮೌನ ಇರುತ್ತಿತ್ತು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡಿದ್ದಳು.

ಸೋಮವಾರ ಅವಳು ಎರಡನೇ ಮಹಡಿಯಲ್ಲಿ ಕಾದು ನಿಂತಳು.

"ಏನವ್ವಾ, ಇಲ್ಲಿ ಪಾರಾ ಕಾಯ್ತಾ ಇದೀಯ?" ಎಂದರು ಗೋಪಾಲಪ್ಪ, ಕಂಬಿಗೆ ಒರಗಿಕೊಂಡು.

"ಕಾಕಾ, ನಾ ಅವತ್ತು ಹೇಳಿದ್ದು ನೊಣದ ಮಾತ್ರಿ. ಮನುಷ್ಯಾರದು ಹಂಗಲ್ಲ. ನಮ್ಮ ಎದಿ—"

"ಮೊನ್ನೆ ಒಂದು ಏಳ್ದೆ, ಇವತ್ತೊಂದು ಏಳ್ತೀಯ." ಅವರು ನಕ್ಕರು. "ನಮ್ಮ ಲಕ್ಷ್ಮಿ ಇದುಕಿದ ಬ್ಯಾಳೆ ಸಾರು ಕೊಟ್ಟು ನಿನ್ನ ಕಡೆ ಮಾಡ್ಕೊಂಡವ್ಳೆ. ನಂಗೆ ಗೊತ್ತಿಲ್ವಾ?"

"ಸಾರು ಕೊಟ್ಟಾರ, ಖರೆ. ಆದ್ರ ಅದಕ್ಕಲ್ರಿ."

"ನೋಡವ್ವ, ಬ್ಯಾಟ್ರಿ ಇಡ್ತಾರಂತೆ ಎದೆಯಾಗೆ. ನಿನ್ನ ಮೊಬೈಲ್ ಬ್ಯಾಟ್ರಿ ಸಂಜೆಗೆ ಸತ್ತೋಗ್ತದೆ, ಚಾರ್ಜರ್ ಕೊಡಿ ಕಾಕಾ ಅಂತ ಬತ್ತೀಯ. ನಂದು ಖಾಲಿಯಾದ್ರೆ ನಾನು ಯಾರ ಮನೆಗೋಗ್ಲಿ?"

"ಅದು ವರ್ಷಗಟ್ಟಲೆ ಬರ್ತೈತ್ರಿ, ಅದರ ಬ್ಯಾಟರಿ ಬ್ಯಾರೆ ತರಾ—"

ಆದರೆ ಅವರು ಹತ್ತಲು ಶುರುಮಾಡಿಯಾಗಿತ್ತು. ಶೈಲಾ ಹಿಂದೆಯೇ ಹತ್ತಿದಳು, ಮಾತಾಡುತ್ತಲೇ. ಗೋಪಾಲಪ್ಪನೂ ಮಾತಾಡುತ್ತಲೇ ಇದ್ದರು. "ನಮ್ಮಪ್ಪ ಎಂಬತ್ತು ದಾಟಿ ಬದುಕ್ದ. ಅವನ ಎದೆಗೆ ಯಾವನೂ—" ಎಂದವರು ನಿಂತರು. ಮಾತು ನಿಂತಿತು, ಕಾಲು ನಿಂತಿತು. ಕೈ ಕಂಬಿಯ ಮೇಲಿತ್ತು. ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ಅವರು ಇರಲಿಲ್ಲ.

"ಕಾಕಾ?"

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಶೈಲಾ ಎರಡೂ ಕೈಯಿಂದ ಅವರ ಬೆನ್ನನ್ನು ಹಿಡಿದಳು. ಅಂಗಿಯ ಕೆಳಗೆ ಬೆನ್ನು ತಣ್ಣಗಿತ್ತು.

"—ಕೈ ಆಕಿರ್ಲಿಲ್ಲ" ಎಂದು ಗೋಪಾಲಪ್ಪ ಮಾತು ಮುಗಿಸಿದರು. ಏನೂ ಆಗಿಲ್ಲ ಎಂಬಂತೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. "ಏನವ್ವ ಅಂಗೆ ಇಡ್ಕೊಂಡಿದೀಯ? ಬೀಳ್ತೀನಿ ಅಂದ್ಕೊಂಡಾ?"

"ಈಗ ಏನಾತ್ರಿ ನಿಮಗ?"

"ಏನಿಲ್ಲ. ಏನೋ ಜ್ಞಾಪಿಸ್ಕೊತಿದ್ದೆ."

ಶೈಲಾ ವಾಲ್ವಿನವರೆಗೂ ಅವರ ಬೆನ್ನ ಹಿಂದೆ ಕೈ ಚಾಚಿಕೊಂಡೇ ಹತ್ತಿದಳು. ಚಪ್ಪಲಿ ಗುಡ್ಡೆಯ ಮುಂದಿನ ಆ ಮೌನ ಏನೆಂದು ಈಗ ಅವಳಿಗೆ ಗೊತ್ತಾಗಿತ್ತು.

"ಡಾಕ್ಟ್ರ ಕೆಲಸಕ್ಕೆ ಹೋಗಬೇಡ ನೀನು" ಎಂದರು ಭುವನೇಶ್ವರಿ ಮೇಡಂ. ಪ್ರಯೋಗಾಲಯ ಅವರದು. ಶೈಲಾ ಒಂದೇ ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆಯೇ ಕೇಳಿಸಿಕೊಂಡಿದ್ದರು.

"ಹಾದಿ ತಪ್ಪಿಸಿದಾಕಿ ನಾನ ಅದೀನ್ರಿ ಮೇಡಂ. ಸುಮ್ನ ಹ್ಯಾಂಗ ಕುಂದ್ರಲಿ?"

"ಸುಮ್ನೆ ಕೂರು ಅಂದ್ನಾ? ಅರ್ಧ ಹೇಳಿದ್ದೀಯ, ಉಳಿದರ್ಧ ಹೇಳು. ಅದು ನಿನ್ನ ಕೆಲಸ. ಆಪರೇಷನ್ ಮಾಡಿಸ್ಕೊಳ್ಳಿ, ಬಿಡಿ ಅಂತ ಮಾತ್ರ ಒಂದು ಮಾತೂ ಆಡಬೇಡ." ಆಮೇಲೆ ಕಣ್ಣೆತ್ತಿದರು. "ಅಷ್ಟಕ್ಕೂ ಹೇಳೋದೇನು, ಕರ್ಕೊಂಡು ಬಂದು ತೋರಿಸು. ಆ ಮುದಿ ನೊಣಗಳ ಬಾಟ್ಲಿ ಇದೆಯಲ್ಲ."

ಗೋಪಾಲಪ್ಪನವರನ್ನು ಹೊರಡಿಸುವುದು ಕಷ್ಟವಾಗಲಿಲ್ಲ. ತನ್ನ ಮನೆಯ ಸೈಂಟಿಸ್ಟಿನ ಆಫೀಸು ನೋಡಿಬಂದೆ ಎಂದು ಅರಳಿಕಟ್ಟೆಯಲ್ಲಿ ಹೇಳಿಕೊಳ್ಳುವ ಆಸೆ ಅವರಿಗಿದ್ದೇ ಇತ್ತು. ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಲಕ್ಷ್ಮಮ್ಮ ಒಂದು ಡಬ್ಬಿ ನಿಪ್ಪಟ್ಟು ಹಿಡಿದು ಬಂದರು. ಗೇಟಿನಲ್ಲಿ ಸೆಕ್ಯೂರಿಟಿಯವನು ಇಬ್ಬರ ಎದೆಯ ಮೇಲೂ ವಿಸಿಟರ್ ಎಂದು ಸ್ಟಿಕ್ಕರ್ ಅಂಟಿಸಿದ.

"ಇಲ್ಲೇ ಎಲ್ಲೋ ನಮ್ಮ ದೊಡ್ಡಪ್ಪನ ಕಪಿಲೆ ಬಾವಿ ಇತ್ತು, ಎತ್ತು ಕಟ್ಟಿ ನೀರೆತ್ತೋರು" ಎಂದರು ಗೋಪಾಲಪ್ಪ, ಪಾರ್ಕಿಂಗಿನ ಇಳಿಜಾರು ನೋಡುತ್ತ. "ಈಗ ನಾನೇ ವಿಸಿಟರ್ರು."

"ನಡೀರಿ, ನೊಣ ಕಾಯ್ತಾವೆ" ಎಂದರು ಲಕ್ಷ್ಮಮ್ಮ.

ಒಳಗೆ ಕಾಲಿಟ್ಟ ಕೂಡಲೇ ಇಬ್ಬರ ಮೂಗೂ ಅರಳಿತು. "ದೋಸೆ ಹಿಟ್ಟು ಉಳಿ ಬಂದೈತೆ ಇಲ್ಲಿ" ಎಂದು ಲಕ್ಷ್ಮಮ್ಮ ಮೂಲೆಮೂಲೆ ಹುಡುಕಿದರು. ಈಸ್ಟು ಬೆಲ್ಲದ ವಾಸನೆ ಅದು ಎಂದು ಶೈಲಾ ನಗುತ್ತ ಹೇಳಿದಳು. ಸಾಲಾಗಿ ಜೋಡಿಸಿದ ಗಾಜಿನ ಸೀಸೆಗಳು, ಬಾಯಿಗೆ ಹತ್ತಿ, ಒಳಗೆ ಗುಂಯ್ ಎನ್ನುವ ಚುಕ್ಕೆಗಳು. ಗೋಪಾಲಪ್ಪ ಒಂದು ಸೀಸೆಯ ಹತ್ತಿರ ಬಗ್ಗಿ, "ಏನ್ರಪ್ಪಾ, ಕೇಸರಿಬಾತಾ?" ಎಂದು ವಿಚಾರಿಸಿದರು.

ಶೈಲಾ ಒಂದು ಮುದಿ ನೊಣವನ್ನು ಗಾಜಿನ ಪಟ್ಟಿಯ ಮೇಲೆ ಮೊದಲೇ ಕೂರಿಸಿಟ್ಟಿದ್ದಳು. ನೊಣಗಳ ಲೆಕ್ಕದಲ್ಲಿ ಅದು ಅಜ್ಜ. ಬೆನ್ನನ್ನು ಸೀಳದೆ ಒಳಗಿನದನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅವರಲ್ಲಿತ್ತು. ಗೋಪಾಲಪ್ಪನವರನ್ನು ಪರದೆಯ ಮುಂದೆ ಕೂರಿಸಿದಳು. ಬೂದುಬಣ್ಣದ ನಡುವೆ ಒಂದು ಕಪ್ಪು ಬಾಯಿಯಂಥದ್ದು ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು.

"ಇದಾ?"

"ಇದ ನೋಡ್ರಿ ಅದರ ಎದಿ."

ಗೋಪಾಲಪ್ಪನವರ ಬಾಯಿ ಪರದೆಯ ಮೇಲಿನದರ ಜೊತೆಯಲ್ಲೇ ತುಸು ತೆರೆದು ಮುಚ್ಚಿತು. "ಅಬ್ಬಾ! ಎಳ್ಳಷ್ಟು ಇಲ್ಲ, ಅದರೊಳಗೊಂದು ಎದೆ. ನೋಡೇ ಲಕ್ಷ್ಮೀ, ಎಂಗೆ ಇದುಕ್ತೈತೆ. ನಿಧಾನಕ್ಕೆ, ಗಟ್ಟಿಯಾಗಿ. ನಾನು ಏಳ್ತಿದ್ದಿದ್ದು ಇದನ್ನೇ."

ಲಕ್ಷ್ಮಮ್ಮ ಶೈಲಾಳ ಕಡೆ ದುರುಗುಟ್ಟಿ ನೋಡಿದರು. ಶೈಲಾ ತುಟಿ ಕಚ್ಚಿಕೊಂಡು ಸುಮ್ಮನೆ ನಿಂತಳು. ಅವಳಿಗೆ ಅದೆಷ್ಟು ಕಷ್ಟವೆಂದು ಹಿಂದೆ ನಿಂತಿದ್ದ ಭುವನೇಶ್ವರಿ ಮೇಡಂಗೆ ಮಾತ್ರ ಗೊತ್ತಿತ್ತು.

ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು. ಮುಚ್ಚಲಿಲ್ಲ.

ಪರದೆಯ ಮೇಲೆ ಏನೂ ಅಲ್ಲಾಡಲಿಲ್ಲ. ಯಂತ್ರದ ಫ್ಯಾನಿನ ಸದ್ದು ಒಂದೇ.

"ಇದ್ಯಾಕೆ ನಿಂತೋಯ್ತು?" ಗೋಪಾಲಪ್ಪ ಮೆಲ್ಲಗೆ ಕೇಳಿದರು. ಯಾರೂ ಉತ್ತರ ಕೊಡುವ ಮೊದಲೇ ಬಾಯಿ ಮುಚ್ಚಿತು, ಮತ್ತೆ ತೆರೆಯಿತು, ಎರಡು ಸಲ ಚೆನ್ನಾಗಿ ಬಡಿದುಕೊಂಡು ಮತ್ತೆ ನಿಂತಿತು.

ಗೋಪಾಲಪ್ಪನವರ ಕೈ ತಾನಾಗಿ ಎದ್ದು ವಿಸಿಟರ್ ಸ್ಟಿಕ್ಕರಿನ ಮೇಲೆ ಕೂತಿತು.

"ಇಂಗೇ" ಎಂದರು.

"ಏನ್ರೀ?" ಎಂದರು ಲಕ್ಷ್ಮಮ್ಮ.

"ನಂಗೂ ಇಂಗೇ ಆಗೋದು. ಮೆಟ್ಲು ಅತ್ತುವಾಗ. ನಿಂತೋಯ್ತದೆ. ಅಲ್ಲಿ ಏನೂ ಇರಲ್ಲ ಕಣೆ. ನೀನೂ ಇರಲ್ಲ. ಆಮೇಲೆ ಯಾರೋ ವಾಪಸ್ ಬಿಟ್ಟಂಗೆ ಬತ್ತೀನಿ."

 ಡಾಕ್ಟರ ಎದುರಿಗೂ ಏನಿಲ್ಲ, ಒಸಿ ತಲೆಸುತ್ತು ಎಂದಿದ್ದ ಮನುಷ್ಯ ಇವರು. "ಒಂದಿನಾನೂ ಏಳ್ಲಿಲ್ವಲ್ರೀ" ಎಂದರು ಲಕ್ಷ್ಮಮ್ಮ.

"ಏಳಿದ್ರೆ ನೀನು ಮೆಟ್ಲು ಬಿಡುಸ್ತಿದ್ದೆ."

ಶೈಲಾ ಯಂತ್ರದ ಪಕ್ಕದ ಗುಂಡಿ ಒತ್ತಿದಳು. ನೊಣದ ಬೆನ್ನಿನ ಮೇಲೆ ಕೆಂಪು ಬೆಳಕು ಮಿಣುಕತೊಡಗಿತು. ಮಿಣಕ್ ಎಂದಾಗೊಮ್ಮೆ ಪರದೆಯ ಬಾಯಿ ಮುಚ್ಚಿತು. ಮಿಣಕ್, ಮಿಣಕ್, ಮಿಣಕ್. ಒಂದೂ ತಪ್ಪಲಿಲ್ಲ.

ಗೋಪಾಲಪ್ಪ ಬಹಳ ಹೊತ್ತು ನೋಡಿದರು. ಹೊಲಕ್ಕೆ ನೀರು ಹಾಯುವುದನ್ನು ನೋಡುತ್ತ ನಿಂತವರ ಹಾಗೆ ಕುತ್ತಿಗೆ ಒಂದು ಕಡೆ ವಾಲಿತ್ತು.

"ಮೊದಲಿನಷ್ಟು ಪೂರ್ತಿ ಮುಚ್ತಾ ಇಲ್ಲ" ಎಂದರು ಕೊನೆಗೆ. "ಇದುಕೋದು ಒಸಿ ಕಮ್ಮಿ ಆಗೈತೆ."

"ಹೂಂನ್ರಿ ಕಾಕಾ. ಅದನ್ನ ನಾ ಅವತ್ತು ಹೇಳಿದ್ದು."

"ಆದ್ರೆ ನಿಲ್ತಾ ಇಲ್ಲ."

"ಅದು ನಾ ಹೇಳದ ಬಿಟ್ಟಿದ್ದು." ಶೈಲಾ ಪರದೆಯಿಂದ ಅವರ ಕಡೆ ತಿರುಗಿದಳು. "ಒಂದೊಂದು ಹಿಚುಕು ಎಷ್ಟ ಗಟ್ಟಿ ಇದ್ರೂ, ನಡುನಡುವ ನಿಂತ್ರ ಮೈಗೆ ಏನೂ ಮುಟ್ಟೋದಿಲ್ರಿ. ಅವತ್ತ ಹೇಳಬೇಕಿತ್ತು. ಮಾತಿನ ಭರದಾಗ ಬಿಟ್ಟೆ. ಮತ್ತ ಇದು ನೊಣ, ನೀವು ನೊಣ ಅಲ್ಲ. ನಿಮ್ಮ ಎದಿ ಬಗ್ಗೆ ನಿಮ್ಮ ಡಾಕ್ಟರಿಗೆ ಗೊತ್ತು, ನನಗ ಗೊತ್ತಿಲ್ಲ."

"ಪಾತ್ರೆ ತುಂಬಬೇಕು ಅಂತ ನಾನು ಬಡ್ಕೊಂಡೆ" ಎಂದರು ಲಕ್ಷ್ಮಮ್ಮ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ನನ್ನ ಮಾತು ಯಾರು ಕೇಳ್ತಾರೆ? ನನ್ನತ್ರ ಲ್ಯಾಬಿಲ್ಲ."

ಗೋಪಾಲಪ್ಪ ನಗಲಿಲ್ಲ. ಕೆಂಪು ಬೆಳಕಿನ ಕಡೆಯೇ ನೋಡುತ್ತಿದ್ದರು. "ಶೈಲವ್ವ, ಅದಕ್ಕೆ ಗೊತ್ತಾಗ್ತದಾ? ಬಡಿಸ್ತಾ ಇರೋದು ಬೆಳಕು, ತಾನಲ್ಲ ಅಂತ?"

ಬ್ಯಾಟರಿಯ ಮಾತು, ಡಾಕ್ಟರುಗಳ ಆಟದ ಮಾತು, ಅಪ್ಪನ ಎಂಬತ್ತು ವರ್ಷದ ಮಾತು ಎಲ್ಲದರ ಅಡಿಯಲ್ಲಿ ಇದ್ದದ್ದು ಇದು ಎಂದು ಶೈಲಾಳಿಗೆ ಹೊಳೆಯಿತು. 

"ಗೊತ್ತಿಲ್ರಿ ಕಾಕಾ" ಎಂದಳು.

ಆಗ ಲಕ್ಷ್ಮಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ಮದುವೆಯಾದಾಗ್ಲಿಂದ ದಿನಾ ಬೆಳಗಾಗೆದ್ದು ನಿಮ್ಮನ್ನ ತಟ್ಟಿ ಎಬ್ಬುಸ್ತಿರೋಳು ನಾನು. ಏಳಿ, ಕಾಪಿ ಕುಡೀರಿ, ವಾಲ್ವು ತಿರುಗುಸ್ರಿ, ಬ್ಯಾಂಕಿಗೋಗ್ರಿ. ಓಡಿಸ್ತಿರೋದು ಇವಳು, ನಾನಲ್ಲ ಅಂತ ಒಂದಿನ ಆದ್ರೂ ಗೊತ್ತಾಯ್ತಾ ನಿಮಗೆ? ಇಲ್ವಲ್ಲ! ಎಲ್ಲಾ ನಾನೇ ಮಾಡ್ತಿದೀನಿ ಅಂತ್ಲೇ ಓಡಾಡ್ತಿಲ್ವಾ? ಇದೂ ಅಂಗೇಯ."

ಭುವನೇಶ್ವರಿ ಮೇಡಂ ಕೆಮ್ಮಿದ ಹಾಗೆ ನಕ್ಕರು. ಗೋಪಾಲಪ್ಪ ಹೆಂಡತಿಯನ್ನು ನೋಡಿದರು, ಪರದೆ ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು.

"ಇವಳು ಬ್ಯಾಟ್ರಿ ಇಲ್ದೇನೇ ನಡೀತಾಳೆ ನೋಡ್ರಿ ಮೇಡಂ" ಎಂದರು. ಆಮೇಲೆ ಎದ್ದು ಅಂಗಿ ಸರಿಮಾಡಿಕೊಂಡರು. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

"ನಾನು ಆಸ್ಪತ್ರೇಲಿ ಇರುವಾಗ ವಾಲ್ವು ಯಾರು ತಿರುಗುಸ್ತಾರೆ?"

ಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡರು. ಅವರ ತುಟಿ ಯಾವುದೋ ದೇವರ ಹೆಸರು ಹೇಳುತ್ತಿತ್ತು.

"ನಾನ್ರಿ ಕಾಕಾ!" ಎಂದಳು ಶೈಲಾ.

"ಎಡಕ್ಕೆ ತಿರುಗುಸ್ಬೇಕು. ಪೂರ್ತಿ. ಅರ್ಧಕ್ಕೆ ಬಿಟ್ಟು ಓಗ್ಬ್ಯಾಡ, ಅವತ್ತು ಮಾತು ಬಿಟ್ಟಂಗೆ."

ಅವರು ಆಸ್ಪತ್ರೆಯಲ್ಲಿದ್ದಾಗ ಇಡೀ ಕಟ್ಟಡಕ್ಕೆ ನೀರಿನ ಗತಿ ನೆಟ್ಟಗಿರಲಿಲ್ಲ. ಮೊದಲ ದಿನವೇ ಶೈಲಾ ವಾಲ್ವು ತಿರುಗಿಸಿ, ಕೊಟ್ರೇಶನಿಗೆ ನೊಣದ ಹಿಮ್ಮುಖ ಬಡಿತದ ಬಗ್ಗೆ ಹೇಳುತ್ತ ನಿಂತು, ಮುಚ್ಚುವುದನ್ನು ಮರೆತಳು. ಟ್ಯಾಂಕು ಬರಿದಾಯಿತು. ಮೊದಲ ಮಹಡಿಯವರು ಸೋಪು ಹಚ್ಚಿಕೊಂಡ ಮುಖದಲ್ಲೇ ಮೆಟ್ಟಿಲಿಗೆ ಬಂದು ಕೂಗಾಡಿದರು. ಸುದ್ದಿ ಆಸ್ಪತ್ರೆಯ ಹಾಸಿಗೆಯವರೆಗೆ ಹೋಯಿತು. ಮಂಪರಿನಿಂದ ಆಗಷ್ಟೇ ಎಚ್ಚರಾಗಿದ್ದ ಗೋಪಾಲಪ್ಪ ಮಾಡಿದ ಮೊದಲ ಫೋನು ಅದಕ್ಕೇ. "ಅವ್ವಾ, ನೊಣ ನೋಡ್ಕೋ, ವಾಲ್ವು ಕೊಟ್ರೇಶಿಗೆ ಕೊಡು." ದನಿ ತೆಳ್ಳಗಿತ್ತು, ಆದರೆ ನಡುವೆ ಎಲ್ಲೂ ನಿಲ್ಲಲಿಲ್ಲ. ಬೈಸಿಕೊಂಡ ಶೈಲಾ ಫೋನಿಟ್ಟ ಮೇಲೂ ಹಲ್ಲು ಬಿಡುತ್ತಲೇ ಇದ್ದಳು.

ಮನೆಗೆ ಬಂದ ಮೇಲೆ ಎಡಗೈ ಎತ್ತಬಾರದು, ಮೆಟ್ಟಿಲು ಸದ್ಯಕ್ಕೆ ಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಗೋಪಾಲಪ್ಪ ಜಗುಲಿಯ ಕುರ್ಚಿಯಲ್ಲಿ ಕೂತು ಬಲಗೈಯಿಂದಲೇ ಇಡೀ ಕಟ್ಟಡ ನಡೆಸಿದರು. ಬಂದವರಿಗೆಲ್ಲ ಕಾಲರ್ ಸರಿಸಿ ಎದೆಯ ಮೇಲ್ಭಾಗದ ಉಬ್ಬು ತೋರಿಸಿದರು. "ನನ್ನದು ಬಡ್ಕೊಂಡ್ರೆ ಇದು ಸುಮ್ನೆ ಕೂತಿರ್ತದೆ. ನನ್ನದು ಮರೆತ್ರೆ ಮಾತ್ರ ತಟ್ತದೆ. ನಮ್ಮ ಲಕ್ಷ್ಮಿ ತರಾನೇ, ಆದ್ರೆ ಬಾಯಿಲ್ಲ" ಎಂದು ಹೇಳಿ ಒಳಗಿನಿಂದ ಬೈಸಿಕೊಂಡರು. ಅರಳಿಕಟ್ಟೆಯಲ್ಲಿ ಅವರು ಹೇಳುವ ಕತೆಯಲ್ಲಿ ಈಗ ಸೈಂಟಿಸ್ಟ್ ಬೇರೆಯೇ ಹೇಳಿದ್ದಳು.

ಅವರೆಕಾಯಿಯ ಕಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಶೈಲಾಳಿಗೆ ಅರೆನಿದ್ದೆಯಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಕೊಟ್ರೇಶನದಲ್ಲ, ಅವನು ಎರಡೆರಡು ಮೆಟ್ಟಿಲು ಹಾರುವವನು. ಇದು ಒಂದೊಂದೇ ಮೆಟ್ಟಿಲು, ಹಿಮ್ಮಡಿಗೆ ಹವಾಯಿ ಚಪ್ಪಲಿ ಬಡಿಯುವ ಸದ್ದು. ಡಾಕ್ಟರು ಹತ್ತಬಹುದು ಎಂದಿದ್ದು ನೆನಪಾಗಿ ಅವಳು ಎದ್ದು ಕೂತಳು. ಮೊದಲ ಮಹಡಿ ದಾಟಿತು. ಸದ್ದು ಮೇಲೆ ಬಂತು, ಸಮವಾಗಿ, ಮಿಣಕ್ ಮಿಣಕ್ ಎನ್ನುವ ಹಾಗೆ. ಎರಡನೇ ಮಹಡಿ. ನಿಂತಿತು.

ಶೈಲಾ ಬಾಗಿಲು ತೆಗೆದು ಮೆಟ್ಟಿಲಿನ ಬಾಯಿಗೆ ಬರಿಗಾಲಲ್ಲಿ ಓಡಿದಳು. ಕೆಳಗೆ ಸದ್ದಿಲ್ಲ. ಕಂಬಿಯ ಮೇಲೆ ಬಗ್ಗಿದಳು, ಕೂಗಲು ಬಾಯಿ ತೆರೆದಳು.

"ಲೋ ಕೊಟ್ರೇಶಾ!"

ಕಿಟಕಿಯ ಗಾಜು ಗಡಗುಟ್ಟುವಂಥ ದನಿ. ಎದುರು ತಾರಸಿಯ ಪಾರಿವಾಳಗಳು ಒಟ್ಟಿಗೆ ಹಾರಿದವು.

"ಇದೇನ್ಲಾ ಇದು, ಮನೆನಾ ಚಪ್ಪಲಿ ಅಂಗ್ಡಿನಾ? ನಾನು ನಾಕು ದಿನ ಇಲ್ಲ ಅಂದ್ರೆ ಗುಡ್ಡೆ ಒಂದಾಳೆತ್ತರ ಬೆಳ್ಸಿದೀಯಲ್ಲ! ಈ ಬೂಟು ಯಾವನ್ದು? ಅದರ ಜೋಡಿ ಎಲ್ಲಿ? ಎದ್ದೇಳ್ರೋ ಎಲ್ಲಾ! ವಾಲ್ವು ಎಷ್ಟು ತಿರುಗುಸ್ದೆ ನಿನ್ನೆ, ನಮ್ಮನೇಲಿ ನಲ್ಲಿ ಸಣ್ಣಗೆ ಅಳ್ತಾ ಇತ್ತು..."

ಬೈಗುಳ ಮುಂದುವರಿಯಿತು, ಒಂದು ಕ್ಷಣವೂ ಬಿಡುವಿಲ್ಲದೆ. ಕೆಳಮನೆಯಿಂದ ಲಕ್ಷ್ಮಮ್ಮನ ದನಿ ಬಂತು: "ಮೆತ್ತಗೆ ಬೈರೀ, ಮೆತ್ತಗೆ! ಬೀದಿಯೋರೆಲ್ಲ ಎದ್ಬುಡ್ತಾರೆ!"

ಶೈಲಾ ಅಲ್ಲೇ ಮೇಲಿನ ಮೆಟ್ಟಿಲ ಮೇಲೆ ಕೂತಳು. ಅವಳಿಗೂ ಕೂಗಿ ಹೇಳಬೇಕಾದ್ದು ಬೇಕಾದಷ್ಟಿತ್ತು. ಹೇಳಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು, ಪೂರ್ತಿ ಮುಗಿಯುವವರೆಗೆ ಕೇಳಿದಳು.